ಯಾವ ಪಾತ್ರ ನಿಮ್ಮ ಬದುಕಲ್ಲಿ ನಿಜವಾಗ್ಲೂ ಏನಾದ್ರೂ ಬದಲಾಯಿಸಿದೆ? ಕಾದಂಬರಿ, ಕಥೆ, ಸಿನಿಮಾ ಯಾವುದಾದ್ರೂ ಸರಿ

ತಿಪಟೂರಿನ ಓದುಗಿ

ಎಲ್ರಿಗೂ ನಮಸ್ಕಾರ. ಇಷ್ಟದ ಪಾತ್ರ ಯಾವ್ದು ಅಂದ್ರೆ ಎಲ್ರೂ ಹತ್ತು ಹೆಸರು ಹೇಳ್ತೀವಿ, ನಾನು ಕೇಳ್ತಿರೋದು ಅದಲ್ಲ. ಓದಿ ಮುಗಿಸಿದ ಮೇಲೆ ನೀವು ದಿನಾ ಮಾಡೋ ಒಂದು ಕೆಲಸ, ಒಂದು ಅಭ್ಯಾಸ, ಯಾರನ್ನಾದ್ರೂ ಮಾತಾಡಿಸೋ ರೀತಿ, ಏನಾದ್ರೂ ಬದಲಾಗಿದ್ರೆ ಆ ಪಾತ್ರದ ಬಗ್ಗೆ ಬರೀರಿ.

ನಂದು ಭೈರಪ್ಪನವರ ಗೃಹಭಂಗದ ನಂಜಮ್ಮ. 1970ರಲ್ಲಿ ಬಂದ ಕಾದಂಬರಿ, ಆದ್ರೆ ಕಥೆ ನಡೆಯೋದು ಸ್ವಾತಂತ್ರ್ಯಕ್ಕೆ ಮುಂಚೆ, ನಮ್ಮ ತಿಪಟೂರು ಸೀಮೆಯಲ್ಲೇ. ಪ್ಲೇಗು ಬಂತು ಅಂದ್ರೆ ಊರು ಖಾಲಿ ಮಾಡಿ ಹೊರಗೆ ಗುಡಿಸಲು ಹಾಕ್ಕೊಳ್ಳೋದು, ಶಾನುಭೋಗರ ಮನೆ, ಪಟೇಲರು, ಇದೆಲ್ಲ ನಮ್ಮಜ್ಜಿ ಬಾಯಲ್ಲಿ ಕೇಳ್ಕೊಂಡೇ ಬೆಳೆದಿದ್ದೀನಿ, ಹಾಗಾಗಿ ಆ ಪುಸ್ತಕ ಓದುವಾಗ ಯಾವ್ದೋ ಕಥೆ ಅನ್ನಿಸಲೇ ಇಲ್ಲ. ಗಂಡ ಚೆನ್ನಿಗರಾಯ ಹೆಸರಿಗೆ ಶಾನುಭೋಗ, ಲೆಕ್ಕ ಬರೆಯೋಕೆ ಬರಲ್ಲ, ಕಲಿಯೋ ಮನಸ್ಸೂ ಇಲ್ಲ, ಊಟ ಒಂದು ಸರಿಯಾಗಿದ್ರೆ ಸಾಕು ಅವನಿಗೆ. ಅತ್ತೆ ಗಂಗಮ್ಮನ ಬಾಯಿ ಬಗ್ಗೆ ಓದಿದವರಿಗೆ ಹೇಳ್ಬೇಕಾಗಿಲ್ಲ. ತಾಯಿ ಮಕ್ಕಳ ಹಟಕ್ಕೆ ಜಮೀನು ಸಾಲಕ್ಕೆ ಹೋಗುತ್ತೆ. ಆಗ ನಂಜಮ್ಮ ತಾನೇ ಕೂತು ಶಾನುಭೋಗಿಕೆ ಲೆಕ್ಕ ಬರೆಯೋಕೆ ಶುರು ಮಾಡ್ತಾಳೆ. ಬರೆಯೋದೆಲ್ಲ ಅವಳು, ಹುದ್ದೆ ಗಂಡಂದು. ಅದೂ ಸಾಲದೆ ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳ ಹೊಟ್ಟೆ ತುಂಬಿಸ್ತಾಳೆ.

ನಾನು ಮದುವೆಯಾಗಿ ಬೆಂಗಳೂರಿಗೆ ಬಂದಾಗ ಸಂಬಳ ನಂದೇ, ಆದ್ರೆ ದುಡ್ಡಿನ ವಿಷಯ ಗಂಡಸರು ನೋಡ್ಕೋಬೇಕು ಅನ್ನೋದು ನಮ್ಮ ಮನೆಗಳ ರೂಢಿ, ಯಾರೂ ಯಾರನ್ನೂ ಕೇಳ್ತಿರಲಿಲ್ಲ. ಪುಸ್ತಕ ಎರಡನೇ ಸಲ ಓದಿದಾಗ ನನಗೆ ಹಿಡಿಸಿದ್ದು ಅವಳ ಕಣ್ಣೀರಲ್ಲ, ಅವಳ ಕೈಲಿರೋ ಲೇಖನಿ. ಕಷ್ಟ ಎಲ್ಲಾ ಕಡೆಯಿಂದ ಬಂದು ಮೈಮೇಲೆ ಬಿದ್ದಾಗ್ಲೂ ಎಷ್ಟು ಬರಬೇಕು, ಎಷ್ಟು ಹೋಗಬೇಕು ಅಂತ ಅವಳಿಗೆ ಗೊತ್ತಿತ್ತಲ್ಲ, ಅದು. ಆವಾಗಿಂದ ಮನೆ ಲೆಕ್ಕ ನಾನೇ ಬರೀತೀನಿ. ಲೋನು, ಮಕ್ಕಳ ಫೀಸು, ಎಲ್‌ಐಸಿ, ಊರಲ್ಲಿ ಕೊಬ್ಬರಿ ಮಾರಿದ್ದು, ಎಲ್ಲ. ನಮ್ಮ ಮನೆಯವರಿಗೂ ಈಗ ಅದೇ ನೆಮ್ಮದಿ.

ನೀವೂ ಬರೀರಿ, ಉದ್ದ ಆದ್ರೂ ಪರವಾಗಿಲ್ಲ.

ಎರಿಹೊಲ

ನಮಸ್ಕಾರ್ರೀ ಅಕ್ಕಾರ. ನಂದು ಸಿನಿಮಾದ್ದು. ಬಂಗಾರದ ಮನುಷ್ಯದ ರಾಜೀವ.

1972ರ ಸಿನಿಮಾ, ನಾ ಹುಟ್ಟಿದ್ದು ಅದರ ಎಷ್ಟೋ ವರ್ಷ ಆದಮ್ಯಾಲ. ಬೆಂಗಳೂರಾಗ ಸ್ಟೇಟ್ಸ್ ಥೇಟರ್‌ದಾಗ ಎರಡು ವರ್ಷ ಓಡೇತಿ ಅಂತಾರ, ನಮ್ಮಪ್ಪ ನೋಡಿದ್ದು ಜಾತ್ರ್ಯಾಗ ಬಂದಿದ್ದ ಟೂರಿಂಗ್ ಟಾಕೀಸಿನಾಗ. ಪ್ಯಾಟಿಗೆ ಹೋಗಿದ್ದ ಹುಡುಗ್ರು ಆ ಸಿನಿಮಾ ನೋಡಿ ತಿರುಗಿ ಹೊಲಕ್ಕ ಬಂದ್ರು ಅಂತ ಹಿರ್‍ಯಾರು ಹೇಳ್ತಿದ್ರು, ನಾ ಅದನ್ನ ಬರೇ ಮಾತು ಅಂತ ತಿಳದಿದ್ದೆ, ನಾನ ಹಂಗ ಬರೋಮಟಾ.

ಐಟಿಐ ಮುಗಿಸಿ ಪುಣೇದಾಗ ಕಂಪನ್ಯಾಗ ಇದ್ದೆ. ಅಪ್ಪಗ ಮೈಯಾಗ ಆರಾಮ ಇಲ್ಲದ್ದಕ್ಕ ಊರಿಗೆ ಬಂದೆ, ಹೊಲ ಲಾವಣಿಗೆ ಕೊಟ್ಟು ಮತ್ತ ಹೋಗೂದು ಅಂತ ಇತ್ತು. ಆವಾಗ ಟೀವ್ಯಾಗ ಆ ಸಿನಿಮಾ ಬಂತ್ರೀ. ಓದಿದ ಹುಡುಗ, ಮಾವ ತೀರಿಕೊಂಡ ಅಂತ ಅಕ್ಕನ ಮನಿ ಭಾರ ಹೊತ್ತು, ಕಲ್ಲು ನೆಲ ಹಸನ ಮಾಡ್ತಾನ. ಊರ ಮಂದಿ ನಗ್ತಾರ. ನಮ್ಮ ಕಡೆ ಇವತ್ತಿಗೂ ಹಂಗ, ಶಾಲಿ ಕಲ್ತಾಂವ ಸಲಿಕಿ ಹಿಡದು ಬದುವಿನ ಮ್ಯಾಲ ನಿಂತ್ರ "ಯಾಕಪಾ ನೌಕರಿ ಹೋತೇನು" ಅಂತ ಕೇಳ್ತಾರ, ಎದಿಗೆ ನಾಟುವಂಗ ಕೇಳ್ತಾರ. ರಾಜೀವ ಆ ನಗುವಿಗೆ ಉತ್ತರ ಕೊಡಲಿಕ್ಕೆ ಹೋಗಂಗಿಲ್ಲ, ಬರೇ ಕೆಲಸ ಮಾಡ್ತಾನ. ನಾ ಕಲ್ತದ್ದು ಅದೊಂದ.

ಬದುವು ಹಾಕ್ಸಿದೆ, ಕೃಷಿ ಹೊಂಡ ತಗಸಿದೆ, ಎರಿ ಭೂಮಿ ಆಗಿದ್ದಕ್ಕ ಹಿಂಗಾರಿಗೆ ಬಿಳಿಜ್ವಾಳ, ಕಡ್ಲಿ, ಅಂಚಿಗೆ ಕುಸುಬಿ. ಬಂಗಾರ ಏನ್ ಬೆಳದಿಲ್ರಿ, ಆದ್ರ ಮನಿ ನಡೀತೈತಿ, ಅಪ್ಪನ ಮುಂದ ದಿನಾ ಕುಂದರ್ತೀನಿ. ಯಾರರ "ನೌಕರಿ ಹೋತೇನು" ಅಂದ್ರ ಈಗ ಸಿಟ್ಟ ಬರಂಗಿಲ್ಲ.

ನೇರ ಮಾತು

ಇಬ್ಬರ ಬರಹಾನೂ ಓದಿದೆ, ಇಬ್ಬರ ಬದುಕಿನ ಬಗ್ಗೆಯೂ ಗೌರವ ಇದೆ, ಆದ್ರೂ ಒಂದು ಮಾತು ಹೇಳಲೇಬೇಕು. ನಂಜಮ್ಮನ್ನ ಸ್ಫೂರ್ತಿ ಅಂತ ಕರೆದಾಗೆಲ್ಲ ನನಗೆ ಹೊಟ್ಟೆಯೊಳಗೆ ಕಿವುಚಿದಂಗಾಗುತ್ತೆ. ಬೆಳೆದ ಮಗಳು, ಮಗ ಇಬ್ಬರನ್ನೂ ಪ್ಲೇಗಿಗೆ ಕಳ್ಕೊಂಡು, ಕೊನೆಗೆ ತಾನೂ ಅದೇ ಪ್ಲೇಗಿಗೆ ಸಾಯ್ತಾಳೆ, ಬದುಕಿಡೀ ದುಡಿದದ್ದು ಒಂದು ದಿನ ಕೈಕೆಲಸ ಮಾಡದ ಗಂಡನಿಗೋಸ್ಕರ. ಅವಳನ್ನ ತೋರಿಸಿ ತೋರಿಸೇ ಅಲ್ವಾ ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ "ಸಹಿಸ್ಕೊಂಡು ಹೋಗು" ಅಂತ ಹೇಳೋದು? ನನ್ನ ಚಿಕ್ಕಮ್ಮನಿಗೆ ಅಕ್ಷರಶಃ ಹಾಗೇ ಹೇಳಿದ್ರು, ಟೀವಿಯಲ್ಲಿ ಕಾಸರವಳ್ಳಿಯವರ ಗೃಹಭಂಗ ಧಾರಾವಾಹಿ ಬರ್ತಿದ್ದ ಕಾಲ, "ನೋಡು ನಂಜಮ್ಮ ಎಷ್ಟು ತಾಳ್ತಾಳೆ" ಅಂತ. ಚಿಕ್ಕಮ್ಮ ತಾಳಿದ್ರು. ತಾಳಬಾರದಷ್ಟು ತಾಳಿದ್ರು.

ರಾಜೀವನೂ ಅಷ್ಟೇ. ಅಷ್ಟೆಲ್ಲ ಮಾಡಿ ಕೊನೆಗೆ ಅಕ್ಕನ ಮಗನಿಂದ ಮಾತು ಕೇಳಿಸ್ಕೊಂಡು ಬರಿಗೈಲಿ ಮನೆ ಬಿಟ್ಟು ಹೋಗ್ತಾನೆ. ತನಗೆ ಅಂತ ಏನೂ ಇಟ್ಕೊಳ್ಳದವರನ್ನೇ ಯಾಕೆ ನಾವು ದೊಡ್ಡವರು ಅಂತೀವಿ?

ತಿಪಟೂರಿನ ಓದುಗಿ

ನೀನು ಹೇಳಿದ್ದು ಸರಿಯಾಗಿಯೇ ಇದೆ ಕಣಮ್ಮ, ನಿಮ್ಮ ಚಿಕ್ಕಮ್ಮನಿಗೆ ಆ ಮಾತು ಹೇಳಿದವರು ಪುಸ್ತಕ ಓದಿಲ್ಲ ಅಂತ ನನಗನ್ನಿಸುತ್ತೆ. ಓದಿದ್ರೆ ಅವಳು ಬರೀ ತಾಳ್ತಾ ಕೂತವಳಲ್ಲ ಅಂತ ಗೊತ್ತಾಗ್ತಿತ್ತು. ಅತ್ತೆಯ ಮಾತಿಗೆ ಎದುರು ಹೇಳಬೇಕಾದ ಕಡೆ ಹೇಳ್ತಾಳೆ, ಮಕ್ಕಳನ್ನ ಓದಿಸ್ತಾಳೆ, ತನ್ನದೇ ಒಂದು ಮನೆ ಕಟ್ಟಿಸೋಕೆ ಕಾಸಿಗೆ ಕಾಸು ಕೂಡಿಸ್ತಾಳೆ. ಆ ಕಾಲದಲ್ಲಿ ಮೂರು ಮಕ್ಕಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ತಿದ್ಲು ಹೇಳು, ತವರಲ್ಲೂ ಅವಳಿಗೆ ಗಟ್ಟಿ ಆಸರೆ ಇರಲಿಲ್ಲ.

ಒಂದು ಪಾತ್ರದ ಇಡೀ ಬದುಕನ್ನ ನಾವು ಹೊತ್ಕೊಂಡು ಬರಬೇಕಾಗಿಲ್ಲ ಅನ್ನೋದು ನನ್ನ ನಂಬಿಕೆ. ಚೆನ್ನಿಗರಾಯನಂಥ ಗಂಡನ ಜೊತೆ ಬಾಳೋದನ್ನ ನಾನು ಅವಳಿಂದ ಕಲೀಲಿಲ್ಲ, ನನ್ನ ಮಗಳಿಗೂ ಕಲಿಸಲ್ಲ. ನಾನು ತಗೊಂಡಿದ್ದು ಲೆಕ್ಕದ ಪುಸ್ತಕ, ಅದೊಂದನ್ನೇ.

ಎರಿಹೊಲ

ತಂಗೀ ನೀ ಕೇಳಿದ್ದು ನಿಜಾನ ಐತಿ. ನಮ್ಮಪ್ಪನೂ ಸಿನಿಮಾ ಮುಗದಾಗ ಹಂಗ ಅಂದಿದ್ರು, "ರಾಜೀವ ಒಳ್ಳೆಯಾಂವ ಖರೇ, ಆದ್ರ ಪಹಣ್ಯಾಗ ತನ್ನ ಹೆಸರು ಹಾಕ್ಸಬೇಕಿತ್ತು." ನಾವು ಅಣ್ಣತಮ್ಮ ಇಬ್ರೂ ವಾಟ್ನಿ ಮಾಡ್ಕೊಂಡು ಹೆಸರ ಬ್ಯಾರೆ ಬ್ಯಾರೆ ಹಚ್ಚೇವಿ, ಅಕ್ಕಗೂ ಆಕಿ ಪಾಲು ಕೊಟ್ಟೇವಿ, 2005ರ ಕಾಯ್ದೆ ಪ್ರಕಾರ ಹೆಣಮಕ್ಕಳಿಗೂ ಗಂಡಮಕ್ಕಳಷ್ಟ ಹಕ್ಕು ಐತಿ. ಇವತ್ತಿಗೂ ಮೂರೂ ಮನಿಯವ್ರು ಕೂಡಿ ಹಬ್ಬ ಮಾಡ್ತೀವಿ. ಕಾಗದ ಗಟ್ಟಿ ಇದ್ರ ಮನಸ್ಸು ಕೆಡಂಗಿಲ್ಲ.

ಅಕ್ಕಾರ, ನಿಮ್ಮ ಲೆಕ್ಕದಾಗ ಖಾನೆ ಹೆಂಗ ಹಾಕ್ತೀರಿ ಅಷ್ಟ ಹೇಳ್ರಿ, ನಮ್ಮ ಮನಿಯಾಕಿ ಕೇಳಾಕತ್ತಾಳ.

ತಿಪಟೂರಿನ ಓದುಗಿ

ಸುಲಭ ಅಣ್ಣ. ತಾರೀಖು, ಬಂದದ್ದು, ಹೋದದ್ದು, ಯಾರ ಕೈಯಿಂದ, ಉಳಿದದ್ದು. ಹೊಲದ ಲೆಕ್ಕ ಬೇರೆ ಪುಸ್ತಕದಲ್ಲಿರಲಿ. ಬೀಜ, ಗೊಬ್ಬರ, ಆಳಿನ ಕೂಲಿ ಜೊತೆಗೆ ನಿಮ್ಮದು, ನಿಮ್ಮ ಮನೆಯವರದ್ದು ಕೂಲೀನೂ ಬರೀರಿ. ಅದನ್ನ ಬಿಟ್ರೆ ಲಾಭ ಸುಮ್ಮನೆ ಜಾಸ್ತಿ ಕಾಣುತ್ತೆ.

ಪುತ್ತೂರಿನ ತೋಟದವ

ಮಾರಾಯ್ರೆ ಒಳ್ಳೆ ವಿಷಯ ತೆಗ್ದಿದ್ದೀರಿ. ನನ್ನದು ಕಾರಂತರ ಬೆಟ್ಟದ ಜೀವದ ಗೋಪಾಲಯ್ಯ, ಅದರಲ್ಲಿ ಎರಡು ಮಾತಿಲ್ಲ.

1943ರಲ್ಲಿ ಬಂದ ಪುಸ್ತಕ. ಸುಬ್ರಹ್ಮಣ್ಯದ ಆಚೀಚೆ ಕಾಡಲ್ಲಿ ದಾರಿ ತಪ್ಪಿದ ಒಬ್ಬರನ್ನ ದೇರಣ್ಣ, ಬಟ್ಯ ಸೇರಿ ಗೋಪಾಲಯ್ಯನ ಮನೆಗೆ ಕರ್ಕೊಂಡು ಬರ್ತಾರೆ, ಅಲ್ಲಿಂದ ಕಥೆ. ಕಥೆ ಅಂತ ಹೇಳ್ಲಿಕ್ಕೆ ದೊಡ್ಡದೇನೂ ಇಲ್ಲ. ಬಿಸಿನೀರಿನ ಸ್ನಾನ ಉಂಟು, ಊಟ ಉಂಟು, ಹುಲಿ ಉಂಟು, ಆನೆ ಉಂಟು, ಮತ್ತೆ ಮುದುಕನ ಮಾತು. ಗಂಡ ಹೆಂಡತಿ ಇಬ್ಬರೇ ಆ ಬೆಟ್ಟದ ಬುಡದಲ್ಲಿ, ಮಗ ಶಂಭು ಮನೆ ಬಿಟ್ಟು ಹೋಗಿ ಯಾವ ಕಾಲವೋ ಆಯ್ತು. ಅಂಥಾ ಮುದುಕ ಕಾಡು ಕಡಿದು ಕಾಟುಮೂಲೆಯಲ್ಲಿ ತೋಟ ಎಬ್ಬಿಸ್ತಾನೆ. ಯಾರಿಗೆ ಅಂತ ಕೇಳಿದ್ರೆ ಏನು ಹೇಳುವುದು? ಅಡಿಕೆ ಸಸಿ ಇಟ್ಟು ಫಸಲು ಬರ್ಲಿಕ್ಕೆ ವರ್ಷಗಟ್ಟಲೆ ಬೇಕು, ಅದನ್ನು ಕಾಣುವ ವಯಸ್ಸಾ ಅವರದ್ದು? ಆದ್ರೂ ಮಾಡ್ತಾರೆ, ನಗ್ತಾ ಮಾಡ್ತಾರೆ.

ನಮ್ಮ ಮೂಲ ತೋಟ ಸುಳ್ಯದ ಬದಿಗೆ. ಹಳದಿ ಎಲೆ ರೋಗ ಅಂದ್ರೆ ಏನು ಅಂತ ಆ ಬದಿಯವರಿಗೆ ಕೇಳಿ, ಸಂಪಾಜೆ, ಅರಂತೋಡು ಕಡೆ ತೋಟಕ್ಕೆ ತೋಟವೇ ಹಳದಿಯಾಗಿ ಹೋಗಿದೆ, ಮದ್ದು ಅಂತ ಇಲ್ಲ ಅದಕ್ಕೆ. ಈಗ ಅದರ ಮೇಲೆ ಎಲೆಚುಕ್ಕಿ ಬೇರೆ. ಅಜ್ಜ ಇಟ್ಟ ಮರ ಕಣ್ಣೆದುರು ಹೋಗುವಾಗ ಅಪ್ಪನಿಗೆ ಸುತಾರಾಂ ಮನಸ್ಸಿಲ್ಲದೆ ಆಯ್ತು, ತೋಟಕ್ಕೆ ಹೋಗುವುದನ್ನೇ ಬಿಟ್ರು, ಜಗಲಿಯಲ್ಲಿ ಕೂತ್ರೆ ಕೂತದ್ದೇ. ನಾನು ಆಗ ಆ ಪುಸ್ತಕವನ್ನ ರಾತ್ರಿ ಊಟ ಆದ ಮೇಲೆ ಸ್ವಲ್ಪ ಸ್ವಲ್ಪ ಜೋರಾಗಿ ಓದಿ ಹೇಳ್ತಾ ಇದ್ದೆ, ಅಪ್ಪ ಮೊದಲು ಕೇಳಿಯೂ ಕೇಳದ ಹಾಗೆ ಇದ್ರು, ಕಾಟುಮೂಲೆಯ ಭಾಗ ಬಂದಾಗ "ಅದು ಅಲ್ಲಿ ನೀರು ಹೇಗೆ ತಂದ್ರಂತೆ, ತಿರುಗಿ ಓದು" ಅಂದ್ರು. ಅಷ್ಟೇ ಬೇಕಿತ್ತು ನನಗೆ. ಆ ಮಳೆಗಾಲ ಅಪ್ಪನೂ ನಾನೂ ಸೇರಿ ಅಡಿಕೆ ಹೋದ ಜಾಗಕ್ಕೆ ಕಾಫಿ, ಜಾಯಿಕಾಯಿ ಇಟ್ಟೆವು, ಉಳಿದ ಮರಗಳಿಗೆ ಕರಿಮೆಣಸಿನ ಬಳ್ಳಿ. ಜಾಯಿಕಾಯಿ ಫಸಲಿಗೂ ತಡ ಉಂಟು, ಅಪ್ಪನಿಗೆ ಅದು ಗೊತ್ತುಂಟು. ದಿನಾ ಬೆಳಿಗ್ಗೆ ಕತ್ತಿ ಹಿಡ್ಕೊಂಡು ಹೋಗ್ತಾರೆ.

2011ರಲ್ಲಿ ಶೇಷಾದ್ರಿಯವರು ಮಾಡಿದ ಸಿನಿಮಾವೂ ಉಂಟು, ದತ್ತಣ್ಣ ಗೋಪಾಲಯ್ಯ. ಒಳ್ಳೆದಿದೆ. ಆದ್ರೆ ಪುಸ್ತಕ ಓದಿಯೇ ನೋಡಿ.

ನೇರ ಮಾತು

ಇದು ಓದಿ ಕಣ್ಣು ತುಂಬಿ ಬಂತು. ಶಂಕರಿಯಮ್ಮನ್ನ ಮಾತ್ರ ಮರೀಬೇಡಿ ದಯವಿಟ್ಟು. ಗೋಪಾಲಯ್ಯ ಮಗನ ದುಃಖವನ್ನ ನಗೆಮಾತಲ್ಲಿ ಮುಚ್ಚಿಟ್ಕೊಂಡು ಓಡಾಡ್ತಾರೆ, ಅದನ್ನ ಬಾಯಿಬಿಟ್ಟು ಹೇಳೋದು ಶಂಕರಿ. ಆ ಮನೆಯ ನೋವು ನಮಗೆ ಗೊತ್ತಾಗೋದು ಅವರಿಂದ.

ಪುತ್ತೂರಿನ ತೋಟದವ

ಹೌದು ಹೌದು, ಅಮ್ಮ ಕೂಡ ಅದೇ ಹೇಳಿದ್ದು. "ನಿಮ್ಮ ಗೋಪಾಲಯ್ಯನಿಗೆ ಹೊತ್ತು ಹೊತ್ತಿಗೆ ಬಡಿಸಿದ್ದು ಯಾರು" ಅಂತ.

ಕೊಪ್ಪದ ಮಳೆ

ನಂದು ತೇಜಸ್ವಿಯವರ ಕರ್ವಾಲೋ, 1980ರದ್ದು. ಎಲ್ಲರೂ ಓದಿರ್ತೀರ, ಹಾಗಾಗಿ ಕಥೆ ಹೇಳಲ್ಲ. ಮೂಡಿಗೆರೆ ಸುತ್ತ ಹಾರೋ ಓತಿ ಹುಡುಕ್ಕೊಂಡು ಹೋಗೋ ತಂಡ. ಅದರಲ್ಲಿ ವಿಜ್ಞಾನಿ ಕರ್ವಾಲೋ ಮಾಡೋ ದೊಡ್ಡ ಕೆಲಸ ಯಾವ್ದು ಅಂದ್ರೆ ಓತಿ ಹುಡುಕಿದ್ದಲ್ಲ, ಮಂದಣ್ಣನನ್ನ ಗುರುತಿಸಿದ್ದು ಅಂತ ನನ್ನ ಅಭಿಪ್ರಾಯ. ಊರಿಗೆಲ್ಲ ಮಂದಣ್ಣ ಕೆಲಸಕ್ಕೆ ಬಾರದವನು, ಜೇನು ಕೀಳ್ತಾ ಅಲೀತಾನೆ. ಕರ್ವಾಲೋಗೆ ಅವನು ಹುಟ್ಟಾ ಪ್ರಕೃತಿ ವಿಜ್ಞಾನಿ. ಮಂದಣ್ಣನಿಗೋ ಒಂದು ಸಣ್ಣ ಸರ್ಕಾರಿ ನೌಕರಿ ಸಿಕ್ಕಿ ಮದುವೆ ಆದ್ರೆ ಸಾಕು, ತನ್ನ ಕಣ್ಣಿಗೆ ಎಷ್ಟು ಬೆಲೆ ಇದೆ ಅಂತ ಅವನಿಗೇ ಗೊತ್ತಿಲ್ಲ.

ನಾನು ಕಾಫಿ ಎಸ್ಟೇಟಲ್ಲಿ ಮೇಲ್ವಿಚಾರಣೆ ಕೆಲಸ ಮಾಡ್ತೀನಿ. ಕಾಫಿ ಕಾಯಿ ಕೊರೆಯೋ ಬೆರ್ರಿ ಬೋರರ್ ಹುಳ ಎಲ್ಲಿ ಶುರುವಾಗಿದೆ, ಕಾಟಿ ಅಂದ್ರೆ ಕಾಡುಕೋಣ ಯಾವ ಕಡೆಯಿಂದ ಇಳಿದಿದೆ, ಯಾವ ಮರದ ನೆರಳು ಜಾಸ್ತಿ ಆಯ್ತು, ಇದು ಮೊದಲು ಗೊತ್ತಾಗೋದು ಕೆಲಸ ಮಾಡೋ ಆಳುಗಳಿಗೆ, ಅವರನ್ನ ಕೇಳೋ ಪದ್ಧತಿ ನಮ್ಮಲ್ಲಿ ಇರಲಿಲ್ಲ, ಹೇಳೋದು ಮಾತ್ರ ಇತ್ತು. ಈಗ ಬೆಳಿಗ್ಗೆ ಕೆಲಸ ಹಂಚೋಕೆ ಮುಂಚೆ "ನಿನ್ನೆ ಏನು ನೋಡಿದ್ರಿ" ಅಂತ ಒಂದೊಂದು ಸಾಲಿನವರನ್ನ ಕೇಳ್ತೀನಿ. ಮೊದಮೊದಲು ಯಾರೂ ಬಾಯಿ ಬಿಡ್ತಿರಲಿಲ್ಲ. ಈಗ ಒಬ್ಬ ಹೆಂಗಸು ಇದ್ದಾರೆ, ಅವರು ಹೇಳಿದ ಮೇಲೆ ಮಳೆ ಬರದೆ ಹೋಗಿದ್ದು ನಾನು ನೋಡಿಲ್ಲ.

ಇನ್ನೊಂದು. ಕೊನೆಯಲ್ಲಿ ಅಷ್ಟು ಕಷ್ಟಪಟ್ಟು ಹುಡುಕಿದ ಓತಿ ಕೈಗೆ ಸಿಗದೆ ಕಣಿವೆ ಕಡೆ ತೇಲಿ ಹೋಗುತ್ತೆ. ಕರ್ವಾಲೋ ಅಲ್ಲಿ ಎದೆ ಬಡ್ಕೊಳ್ಳಲ್ಲ. ಕೈಗೆ ಸಿಗದೆ ಹೋದದ್ದನ್ನ ನೋಡಿದ್ದೇ ಒಂದು ಭಾಗ್ಯ ಅಂತ ಇರೋದು ಹೇಗೆ ಅನ್ನೋದನ್ನ ನಾನು ಇನ್ನೂ ಕಲೀತಾ ಇದ್ದೀನಿ.

ಹೆಸರು ಬೇಡ

ಬರೆಯೋದೋ ಬೇಡವೋ ಅಂತ ಯೋಚನೆ ಮಾಡಿ ಬರೀತಿದ್ದೀನಿ. ನನ್ನ ಪಾತ್ರ ಶರಪಂಜರದ ಕಾವೇರಿ. ತ್ರಿವೇಣಿಯವರ ಕಾದಂಬರಿ, 1971ರಲ್ಲಿ ಪುಟ್ಟಣ್ಣ ಕಣಗಾಲರು ಸಿನಿಮಾ ಮಾಡಿದ್ರು, ಕಲ್ಪನಾ ಕಾವೇರಿ. ಹೆರಿಗೆ ಆದ ಮೇಲೆ ಮನಸ್ಸಿನ ಕಾಯಿಲೆ ಬರುತ್ತೆ, ಆಸ್ಪತ್ರೆಯಲ್ಲಿ ಗುಣ ಆಗುತ್ತೆ, ಮನೆಗೆ ಬಂದ ಮೇಲೆ ಮನೆಯವರೂ ನೆರೆಯವರೂ ಅವಳನ್ನ ಗುಣ ಆದವಳು ಅಂತ ನೋಡೋದೇ ಇಲ್ಲ. ನಕ್ಕರೂ ಅನುಮಾನ, ಅತ್ತರೂ ಅನುಮಾನ. ಕೊನೆಗೆ ಮತ್ತೆ ಕಾಯಿಲೆಗೆ ತಳ್ಳೋದು ಆ ನೋಟ ಮತ್ತು ಗಂಡನ ನಡತೆ. ತ್ರಿವೇಣಿ ಮನಶ್ಶಾಸ್ತ್ರ ಓದಿದವರು, ಹಾಗಾಗಿ ಅಷ್ಟು ಒಳಗೆ ಹೋಗಿ ಬರೆಯೋಕೆ ಆಯ್ತು ಅನ್ಸುತ್ತೆ. 1963ರಲ್ಲೇ, ಇನ್ನೂ ಚಿಕ್ಕ ವಯಸ್ಸಲ್ಲಿ ತೀರಿಕೊಂಡ್ರು.

ನಮ್ಮ ಅತ್ತಿಗೆಗೆ ಬಾಣಂತನದಲ್ಲಿ ಹೀಗೇ ಆಯ್ತು. ಮಗು ಎತ್ಕೊಳ್ಳಲ್ಲ, ನಿದ್ದೆ ಇಲ್ಲ, ಏನೇನೋ ಮಾತು. ನೋಡೋಕೆ ಬಂದವರೆಲ್ಲ ದೃಷ್ಟಿ ತೆಗೀರಿ, ದೇವರ ಹತ್ರ ಕೇಳಿಸಿ ಅಂತಲೇ ಹೇಳಿದ್ದು. ಅಮ್ಮ ಮಾತ್ರ "ಇದು ಕಾವೇರಿಗೆ ಆದ ಹಾಗೆ ಆಗಿದೆ, ಡಾಕ್ಟ್ರ ಹತ್ರ ನಡೀರಿ" ಅಂದ್ರು. ಹತ್ತನೇ ಕ್ಲಾಸು ಓದಿದ ಅಮ್ಮ. ಸಿನಿಮಾ ನೋಡಿದ್ದು ಯಾವ ಕಾಲದಲ್ಲೋ, ಆ ಪಾತ್ರ ಅಷ್ಟು ವರ್ಷ ಅವರ ಒಳಗೆ ಇತ್ತು. ಚಿಕಿತ್ಸೆ ಆಯ್ತು, ಅತ್ತಿಗೆ ಚೆನ್ನಾಗಿದ್ದಾರೆ.

ಅವರು ಆಸ್ಪತ್ರೆಯಿಂದ ಬರೋ ಹಿಂದಿನ ದಿನ ಅಮ್ಮ ನಮ್ಮನ್ನೆಲ್ಲ ಕೂರಿಸ್ಕೊಂಡು ಮೂರು ಮಾತು ಹೇಳಿದ್ರು. ಯಾರೂ ಆ ದಿನಗಳನ್ನ ಅವಳ ಎದುರು ಎತ್ತಬಾರದು. ಮಗು ಅವಳ ಕೈಗೇ ಕೊಡಬೇಕು, ಡಾಕ್ಟ್ರು ಬೇಡ ಅಂದಿಲ್ಲ ಅಂದ್ಮೇಲೆ ಪಕ್ಕದಲ್ಲಿ ಕಾವಲು ನಿಲ್ಲಬಾರದು. ಆ ಇನ್ನೊಂದು ಪದ, ಎಲ್ಲರೂ ತಮಾಷೆಗೆ ಬಳಸ್ತೀವಲ್ಲ, ಅದು ಈ ಮನೆಯಲ್ಲಿ ಬರಬಾರದು. ಇವತ್ತಿಗೂ ಬರಲ್ಲ. ನಾನು ಆಫೀಸಲ್ಲೂ ಯಾರಾದ್ರೂ ಆ ಪದ ಬಳಸಿದ್ರೆ ಬೇಡ ಅಂತ ಹೇಳ್ತೀನಿ.

ಯಾರ ಮನೆಯಲ್ಲಾದ್ರೂ ಹೀಗಿದ್ರೆ ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416, ಕನ್ನಡದಲ್ಲೇ ಮಾತಾಡಬಹುದು. ಬಾಣಂತಿಯರ ವಿಷಯದಲ್ಲಿ ತಡ ಮಾಡಬೇಡಿ.

ತಿಪಟೂರಿನ ಓದುಗಿ

ನಿಮ್ಮ ಅಮ್ಮನಿಗೆ ನನ್ನದೊಂದು ನಮಸ್ಕಾರ ಹೇಳಿ. ದಯವಿಟ್ಟು ಹೇಳಿ.

ತುಂಗೆ ದಂಡೆ

ಮೇಲೆ ಸಹನೆಯ ಬಗ್ಗೆ ಚರ್ಚೆ ನಡೀತಲ್ಲ, ಅದನ್ನ ಓದ್ತಾ ನನಗೆ ಫಣಿಯಮ್ಮ ನೆನಪಾಗ್ತಾನೇ ಇದ್ರು. ಎಂ.ಕೆ. ಇಂದಿರಾ ಅವರ ಕಾದಂಬರಿ, 1976. ಅವರ ಮನೆತನದಲ್ಲೇ ಬಾಳಿದ ಒಬ್ಬರ ಕಥೆ. ಎಳೇ ವಯಸ್ಸಲ್ಲೇ ಗಂಡ ಸತ್ತು, ತಲೆ ಬೋಳಿಸ್ಕೊಂಡು, ಆಮೇಲೆ ಶತಮಾನ ದಾಟಿ ಬದುಕಿದವರು. ಸಹನೆ ಅಂದ್ರೆ ಅದಕ್ಕಿಂತ ದೊಡ್ಡ ಸಹನೆ ಇಲ್ಲ.

ಆದ್ರೆ ನನ್ನನ್ನ ಹಿಡಿದು ನಿಲ್ಲಿಸಿದ ಜಾಗ ಬೇರೆ. ಮನೆತನದಲ್ಲಿ ಇನ್ನೊಬ್ಬ ಚಿಕ್ಕ ಹುಡುಗಿ ವಿಧವೆ ಆದಾಗ, ಅವಳು ತಲೆ ಬೋಳಿಸ್ಕೊಳ್ಳಲ್ಲ ಅಂದಾಗ, ಮಡಿ ಅಂದ್ರೆ ಪ್ರಾಣ ಅನ್ನೋ ಈ ಅಜ್ಜಿ ಹುಡುಗಿಯ ಪರ ನಿಲ್ತಾರೆ. ನಾನು ಪಟ್ಟಿದ್ದೀನಿ, ನೀನೂ ಪಡು ಅನ್ನಲ್ಲ. ನನ್ನ ಪ್ರಕಾರ ಅವರ ಇಡೀ ಬದುಕು ಆ ಒಂದು ಕ್ಷಣಕ್ಕೆ ಬಂದು ನಿಲ್ಲುತ್ತೆ. ನಾನು ಅತ್ತೆ ಆಗಿ ಕೆಲವು ವರ್ಷ ಆಯ್ತು. ನನ್ನ ಕಾಲದಲ್ಲಿ ಮುಟ್ಟಾದ್ರೆ ಮೂರು ದಿನ ಹಿತ್ತಲ ಕೋಣೆ, ಮಲೆನಾಡಿನ ಮಳೆಗಾಲದಲ್ಲಿ ಅದು ಎಂಥ ಶೀತ ಅಂತ ಕೂತವರಿಗೇ ಗೊತ್ತು. ಸೊಸೆ ಬಂದ ಮೊದಲ ತಿಂಗಳೇ ಅವಳಿಗೆ ಹೇಳಿದೆ, ಈ ಮನೆಯಲ್ಲಿ ಅದು ನನ್ನ ತಲೆಗೇ ಮುಗೀತು, ನೀನು ನಿನ್ನ ಹಾಸಿಗೆಯಲ್ಲೇ ಮಲಗು ಮಗಳೇ ಅಂತ. ಯಜಮಾನರ ಅಕ್ಕ ಮಾತು ಬಿಟ್ರು. ಬಿಡಲಿ.

ಇನ್ನೊಂದು ವಿಷಯ, ಇಂದಿರಾ ಅವರು ಬರೆಯೋಕೆ ಕೂತಿದ್ದೇ 45ರ ಸುಮಾರಿಗೆ. ಅದು ಗೊತ್ತಾದ ಮೇಲೆ ನಾನು ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿಎಗೆ ಸೇರಿದೆ. ಈಗ ಎರಡನೇ ವರ್ಷ. ಸೊಸೆ ನೋಟ್ಸ್ ಪ್ರಿಂಟ್ ಹಾಕಿಸ್ಕೊಂಡು ಬರ್ತಾಳೆ.

ನೇರ ಮಾತು

ಅಮ್ಮ, ನಾನು ಕೇಳ್ತಿದ್ದ ಪ್ರಶ್ನೆಗೆ ಉತ್ತರ ಇದು ಅನ್ಸುತ್ತೆ, ತಾವು ಪಟ್ಟದ್ದನ್ನ ಮುಂದಿನವ್ರಿಗೆ ದಾಟಿಸದೆ ಇರೋದು. ಆದ್ರೂ ಅಷ್ಟು ಜನ ಹೆಂಗಸರು ಅಷ್ಟು ಪಟ್ಟ ಮೇಲೆ ಒಬ್ಬರಿಗೆ ಬಿಡುಗಡೆ ಅನ್ನೋದು ನನಗೆ ಈಗಲೂ ಸಂಕಟಾನೇ. ಅದನ್ನ ಒಪ್ಕೊಳ್ಳೋಕೆ ಆಗ್ತಿಲ್ಲ.

ನನ್ನ ಪಾತ್ರ ಹೇಳ್ಬಿಡ್ತೀನಿ. ಕುವೆಂಪು ಅವರ ಮಲೆಗಳಲ್ಲಿ ಮದುಮಗಳು, ಅದರ ಪೀಂಚಲು. ಆ ಕಾದಂಬರಿಯಲ್ಲಿ ನೂರಾರು ಜನ ಇದ್ದಾರೆ, ಓದುವಾಗ ಯಾರು ಯಾವ ಮನೆಯವರು ಅಂತ ಪೇಪರ್ ಮೇಲೆ ಬರ್ಕೊಂಡು ಓದಿದ್ದೆ. ಪೀಂಚಲು ಐತನ ಹೆಂಡತಿ, ಕೂಲಿಯವಳು, ಆಸ್ತಿ ಇಲ್ಲ, ಜಾತಿ ಬಲ ಇಲ್ಲ. ಬೇಡದ ಮದುವೆ ತಪ್ಪಿಸ್ಕೊಂಡು ರಾತ್ರೋರಾತ್ರಿ ಕಾಡಿಗೆ ಹೊರಡೋ ಚಿನ್ನಮ್ಮನಿಗೆ ಜೊತೆಯಾಗೋದು ಅವಳೇ. ಚಿನ್ನಮ್ಮ ದೊಡ್ಡ ಮನೆಯ ಹುಡುಗಿ, ಸಿಕ್ಕಿಬಿದ್ರೆ ಅವಳಿಗೆ ಬೈಗುಳ, ಪೀಂಚಲುಗೆ ಏನಾಗ್ತಿತ್ತು ಯೋಚನೆ ಮಾಡಿ. ಉಪದೇಶ ಮಾಡಲ್ಲ, ಹೀಗೆ ಮಾಡು ಹಾಗೆ ಮಾಡು ಅನ್ನಲ್ಲ, ಜೊತೆಗೆ ನಡೀತಾಳೆ ಅಷ್ಟೇ.

ಯಾರಾದ್ರೂ ಗೆಳತಿ ಕಷ್ಟ ಅಂತ ಫೋನ್ ಮಾಡಿದ್ರೆ ನಾನೀಗ ಮೊದಲು ಕೇಳೋದು "ಎಲ್ಲಿದ್ದೀಯ, ಬರ್ತೀನಿ" ಅಂತ. ಸ್ಟೇಷನ್ನಿಗೆ ಜೊತೆಗೆ ಹೋಗಿದ್ದೀನಿ, ಆಸ್ಪತ್ರೆಗೆ ಹೋಗಿದ್ದೀನಿ, ವಕೀಲರ ಆಫೀಸ್ ಮುಂದೆ ಕಾದಿದ್ದೀನಿ. ನನ್ನ ಚಿಕ್ಕಮ್ಮ ಕೊನೆಗೂ ಮನೆ ಬಿಟ್ಟು ಬಂದ ದಿನ ಅವರ ಟ್ರಂಕ್ ಆಟೋಗೆ ಎತ್ತಿಟ್ಟಿದ್ದು ನಾನು. ಈಗ ಟೈಲರಿಂಗ್ ಅಂಗಡಿ ಇದೆ ಅವರದ್ದು.

ಕೊಪ್ಪದ ಮಳೆ

ಪೀಂಚಲು ಹೆಸರು ಯಾರಾದ್ರೂ ಹೇಳ್ತಾರಾ ಅಂತ ಕಾಯ್ತಿದ್ದೆ. ಎಲ್ರೂ ನಾಯಿಗುತ್ತಿ, ಅವನ ನಾಯಿ ಹುಲಿಯ ಅಂತಲೇ ಹೇಳೋದು. ಚಿಕ್ಕಮ್ಮನಿಗೆ ಒಳ್ಳೇದಾಗ್ಲಿ.

ನಂಜನಗೂಡು ಮೇಷ್ಟ್ರು

ನಾನು ಪ್ರಾಥಮಿಕ ಶಾಲೆ ಮೇಷ್ಟ್ರು. ನಮ್ಮ ತಾಲ್ಲೂಕಿನವರೇ ಆದ ದೇವನೂರ ಮಹಾದೇವರ ಒಡಲಾಳ ಓದದೆ ಇದ್ದಿದ್ರೆ ನನ್ನ ಕ್ಲಾಸ್‌ರೂಮ್ ಬೇರೆ ತರ ಇರ್ತಿತ್ತು. ಅದರಲ್ಲಿ ಸಾಕವ್ವ ಕಳೆದುಹೋದ ಹುಂಜಕ್ಕೆ ಊರೆಲ್ಲ ಹುಡುಕ್ತಾಳೆ, ಮನೆತುಂಬ ಜನ, ಹೊಟ್ಟೆಗಿಲ್ಲ, ಕದ್ದು ತಂದ ಕಡ್ಲೆಕಾಯಿಯನ್ನ ಬೆಳಗಾಗೋದ್ರೊಳಗೆ ಎಲ್ಲ ಕೂತು ತಿಂತಾರೆ. ಸಾಕವ್ವನ ಬಗ್ಗೆ ಎಲ್ಲರೂ ಬರೀತಾರೆ. ನಾನು ಹೇಳೋದು ಗೋಡೆ ಮೇಲೆ ನವಿಲು ಬರೆಯೋ ಪುಟ್ಟಗೌರಿ ಬಗ್ಗೆ. ಅಂಥ ಬಡತನದ ಮನೆಯಲ್ಲಿ, ಬೆಳಿಗ್ಗೆ ಪೊಲೀಸ್ರು ಬರೋ ಮನೆಯಲ್ಲಿ, ಒಂದು ನವಿಲು.

ನಮ್ಮ ಶಾಲೆಗೆ ಬರೋ ಮಕ್ಕಳ ಅಪ್ಪ ಅಮ್ಮ ಹೆಚ್ಚಿನವರು ಕೂಲಿಗೆ ಹೋಗೋರು. ಇಂಥ ಮಕ್ಕಳಿಗೆ ಅಕ್ಷರ, ಮಗ್ಗಿ ಮೊದಲು, ಚಿತ್ರ ಗಿತ್ರ ಆಮೇಲೆ ಅಂತ ಹೇಳೋರೇ ಜಾಸ್ತಿ. ಪುಟ್ಟಗೌರಿ ಆ ಮಾತಿಗೆ ಒಪ್ಪಲ್ಲ. ನಮ್ಮ ಕ್ಲಾಸಿನ ಹಿಂದಿನ ಗೋಡೆ ಪೂರ್ತಿ ಮಕ್ಕಳದ್ದು, ಸೀಮೆಸುಣ್ಣ, ಇದ್ದಿಲು, ಇಟ್ಟಿಗೆ ಚೂರು ಏನ್ ಸಿಕ್ತದೋ ಅದ್ರಲ್ಲಿ ಬರೀತಾರೆ, ವರ್ಷಕ್ಕೊಂದು ಸಲ ಸುಣ್ಣ ಬಳೀತೀವಿ. ಬಾಯೇ ಬಿಡದ ಒಂದು ಹೆಣ್ಮಗು ಅಲ್ಲಿ ಮಾದಪ್ಪನ ಜಾತ್ರೆಯ ತೇರು ಬರೆದ್ಲು, ಕೇಳಿದಾಗ ತೇರಿನ ಕಥೆ ಪೂರ್ತಿ ಹೇಳಿದ್ಲು, ಅದನ್ನೇ ಅವಳ ಕೈಲಿ ಬರೆಸಿದೆ. ಅವಳು ಓದೋಕೆ ಕಲಿತದ್ದು ಆ ತೇರಿನಿಂದ.

ಎರಿಹೊಲ

ಮಾಸ್ತರ್ರ, ನಿಮ್ಮಂಥಾವ್ರು ನಮ್ಮೂರ ಸಾಲಿಗೆ ಬಂದಿದ್ರ! ಒಂದು ಮಾತು ಕೇಳ್ತೀನ್ರಿ. ನನ್ನ ಮಗಳು ಎಂಟನೇತ್ತಾ, ಪುಸ್ತಕ ಅಂದ್ರ ಪಾಠದ್ದ ಅಂತ ತಿಳಕೊಂಡಾಳ, ಮೊಬೈಲ್ ಬಿಡವಲ್ಲಳು. ಇಷ್ಟೆಲ್ಲಾ ಹೇಳಿದ್ರಿ ನೀವು ಎಲ್ಲಾರೂ, ಆಕಿಗೆ ಮೊದಲ ಯಾವ್ದು ಕೊಡ್ಲಿ?

ನಂಜನಗೂಡು ಮೇಷ್ಟ್ರು

ಕರ್ವಾಲೋ ಕೊಡಿ ಸಾರ್. ಕೊಟ್ಟು ಓದು ಅನ್ನಬೇಡಿ, ಪುತ್ತೂರಿನವರು ಅವರ ತಂದೆಗೆ ಮಾಡಿದ ಹಾಗೆ ನೀವೇ ಜೋರಾಗಿ ಓದಿ. ಗೃಹಭಂಗ, ಒಡಲಾಳ ಎಲ್ಲ ಪಿಯುಸಿ ಹೊತ್ತಿಗೆ ಸರಿ, ಈಗಲೇ ಕೊಟ್ರೆ ಭಾರ ಆಗ್ತದೆ. ಒಡಲಾಳದ ಭಾಷೆ ನಿಮ್ಮ ಕಡೆಯವರಿಗೆ ಮೊದಲಿಗೆ ಸ್ವಲ್ಪ ಕಷ್ಟಾನೂ ಹೌದು.

ಪುತ್ತೂರಿನ ತೋಟದವ

ಓದುವಾಗ ಪ್ಯಾರ, ಮಂದಣ್ಣ ಇವರ ಮಾತನ್ನೆಲ್ಲ ಬೇರೆ ಬೇರೆ ಸ್ವರದಲ್ಲಿ ಓದಿ ಆಯ್ತಾ, ಮಕ್ಕಳಿಗೆ ಅದು ಭಾರೀ ಖುಷಿ. ಕಿವಿ ಅಂತ ಹೆಸರಿನ ನಾಯಿ ಬಂದಾಗ ಅವಳೇ ಪುಸ್ತಕ ಕಿತ್ಕೊಳ್ತಾಳೆ ನೋಡಿ.

ಎರಿಹೊಲ

ಆತ್ರಿ. ನಾಳಿ ಹುಬ್ಬಳ್ಳಿಗೆ ಹೊಂಟೇನಿ, ಕರ್ವಾಲೋ ಮತ್ತ ಬೆಟ್ಟದ ಜೀವ ಎರಡೂ ತರ್ತೀನಿ. ಬೆಟ್ಟದ ಜೀವ ನಮ್ಮಪ್ಪಗ.